ಮೊಲದ ಕೊಂಬು, ವಿಮಾನದ ರೆಕ್ಕೆ

ಹಕ್ಕಿಯನ್ನು ಕಂಡು ಮನುಷ್ಯನು ವಿಮಾನವನ್ನು ಮಾಡಿದನೆಂಬುದು ಶಾಲೆಯ ಮಕ್ಕಳೂ ಬಲ್ಲ ಮಾತು. ವಿಮಾನವನ್ನು ಕಂಡು ಹಕ್ಕಿಯನ್ನು ಮಾಡುವವರೂ ಈ ಲೋಕದಲ್ಲಿದ್ದಾರೆಂದರೆ ಕೆಲವರಿಗೆ ನಗೆ ಬಂದೀತು. ಎಲ್ಲಿಯೂ ಇಲ್ಲದ ಪ್ರಾಣಿಯೊಂದನ್ನು ಮನಸ್ಸಿನಲ್ಲಿ ಕಟ್ಟಿ, ಅದರ ಮೂಳೆ, ಸ್ನಾಯು, ಗರಿಗಳನ್ನು ಕಾಗದದ ಮೇಲೆ ಮೂಡಿಸಿ, ಅದು ಏನನ್ನು ತಿಂದೀತು, ಎಲ್ಲಿ ಮಲಗೀತು, ಯಾವುದಕ್ಕೆ ಹೆದರೀತು ಎಂದು ಲೆಕ್ಕ ಹಾಕುವುದು ಒಂದು ವಿನೋದ. ವಿನೋದವೆಂದರೂ ಶ್ರಮದ ವಿನೋದ. ಸ್ಕಾಟ್ಲೆಂಡಿನ ಡೂಗಲ್ ಡಿಕ್ಸನ್ ಅವರು 1981ರಲ್ಲಿ ಪ್ರಕಟಿಸಿದ ‘ಆಫ್ಟರ್ ಮ್ಯಾನ್’ ಎಂಬ ಗ್ರಂಥದಲ್ಲಿ, ಮನುಷ್ಯಕುಲವು ಅಳಿದು 5 ಕೋಟಿ ವರ್ಷಗಳು ಕಳೆದ ಮೇಲೆ ಭೂಮಿಯಲ್ಲಿ ಎಂತಹ ಪ್ರಾಣಿಗಳು ಇದ್ದಾವು ಎಂಬುದನ್ನು ಚಿತ್ರಸಹಿತವಾಗಿ ಕಲ್ಪಿಸಿದ್ದಾರೆ. ಅಂತಹ ಕಲ್ಪನೆಯ ಒಂದು ಕವಲೇ, ಪ್ರಯೋಗಕ್ಕೆಂದು ನಿರ್ಮಿಸಿದ ವಿಚಿತ್ರ ವಿಮಾನಗಳನ್ನು ಅಚ್ಚಾಗಿ ಇಟ್ಟುಕೊಂಡು ಪ್ರಾಣಿಗಳನ್ನು ರೂಪಿಸುವುದು.

ನಮಗೂ ಕೆಲವು ವರ್ಷಗಳಿಂದ ಈ ಗೀಳು ಅಂಟಿಕೊಂಡಿದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ, ಬೆಂಗಳೂರಿನಲ್ಲಿ ವಿಮಾನಗಳ ಕೆಲಸದಲ್ಲಿ ಆಯುಷ್ಯವನ್ನು ಕಳೆದ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತರಾದ ಮೇಲೆ ತಮ್ಮ ಪುಸ್ತಕಗಳನ್ನೆಲ್ಲ ಮಠದ ಗ್ರಂಥಾಲಯಕ್ಕೆ ಒಪ್ಪಿಸಿದರು. ಅವುಗಳಲ್ಲಿ ಪ್ರಾಯೋಗಿಕ ವಿಮಾನಗಳ ಛಾಯಾಚಿತ್ರಗಳ ಒಂದು ದಪ್ಪ ಸಂಪುಟವಿತ್ತು. ಭಾನುವಾರ ಮಧ್ಯಾಹ್ನ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಆ ಪುಟಗಳನ್ನು ತಿರುವುವುದು ಮೊದಲಾಯಿತು. ಹುಡುಗರು ಬಂದು ಸೇರಿದರು. ಪೆನ್ಸಿಲ್ಲು, ಹಾಳೆ ಬಂದವು. ಈಗ ಆ ಪಡಸಾಲೆಯ ಗೋಡೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಹಾಳೆಗಳು ತೂಗುತ್ತಿವೆ. ಮಠಕ್ಕೆ ಬರುವ ಭಕ್ತರು ಅವುಗಳನ್ನು ನೋಡಿ, “ಸ್ವಾಮಿಗಳ ಪಡಸಾಲೆಯಲ್ಲಿ ಈ ದೆವ್ವಗಳೇಕೆ?” ಎಂದು ಪರಸ್ಪರ ಕೇಳಿಕೊಳ್ಳುವುದು ನಮ್ಮ ಕಿವಿಗೂ ಬಿದ್ದಿದೆ. ಅವು ದೆವ್ವಗಳಲ್ಲ ಎಂಬುದನ್ನು ತಿಳಿಸುವುದು ಈ ಲೇಖನದ ಒಂದು ಉದ್ದೇಶ. ಇನ್ನೊಂದು ಉದ್ದೇಶವೂ ಇದೆ, ಅದು ಮುಂದೆ ಬರುತ್ತದೆ.

ನಾವು ಕಾಶಿಯಲ್ಲಿ ತರ್ಕವನ್ನೂ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿದವರು. ವಿಮಾನವಿದ್ಯೆಯಲ್ಲಾಗಲಿ ಜೀವವಿದ್ಯೆಯಲ್ಲಾಗಲಿ ನಮಗೆ ಪದವಿಯಿಲ್ಲ. ಆದರೆ ಇಲ್ಲದ ವಸ್ತುಗಳ ವಿಷಯವಾಗಿ ತರ್ಕವನ್ನು ಓದಿದವನಿಗೆ ಸ್ವಲ್ಪ ಅಧಿಕಾರವುಂಟು! ನಮ್ಮ ಶಾಸ್ತ್ರಕಾರರು ಅಸತ್ತಿಗೆ ಕೊಡುವ ದೃಷ್ಟಾಂತಗಳು ಪ್ರಸಿದ್ಧವಾಗಿವೆ: ಶಶವಿಷಾಣ, ಗಗನಕುಸುಮ, ವಂಧ್ಯಾಪುತ್ರ. ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ. ಮೂರೂ ಇಲ್ಲ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೂರರ ಇಲ್ಲದಿರುವಿಕೆಯೂ ಒಂದೇ ಬಗೆಯದಲ್ಲ. ಬಂಜೆಯ ಮಗನೆಂಬ ಮಾತು ತನ್ನನ್ನು ತಾನೇ ಕಡಿದುಕೊಳ್ಳುತ್ತದೆ. ಅಂತಹವನು ಎಂದಿಗೂ ಹುಟ್ಟಲಾರನು. ಮೊಲದ ಕೊಂಬು ಹಾಗಲ್ಲ. ಮೊಲವಿದೆ, ಕೊಂಬೂ ಇದೆ. ಎರಡೂ ಒಂದೆಡೆ ಸೇರಿಲ್ಲ, ಅಷ್ಟೆ. (1933ರಲ್ಲಿ ಅಮೆರಿಕದ ರಿಚರ್ಡ್ ಶೋಪ್ ಎಂಬ ವಿಜ್ಞಾನಿ, ಕಾಡುಮೊಲಗಳ ಮೈಮೇಲೆ ಕೊಂಬಿನಂತಹ ಗಂಟುಗಳು ಬೆಳೆಯುವುದಕ್ಕೆ ಒಂದು ವೈರಾಣು ಕಾರಣವೆಂದು ತೋರಿಸಿದರು. ಪಾಪ, ತರ್ಕಶಾಸ್ತ್ರದ ಮೊಲಕ್ಕೂ ರೋಗ ತಗಲಿತು.) ನಾವು ಹುಡುಗರಿಗೆ ಮೊದಲು ಹೇಳಿಕೊಡುವುದು ಈ ಭೇದವನ್ನೇ. ಗೋಡೆಯ ಮೇಲೆ ಏರಬೇಕಾದ ಪ್ರಾಣಿಯು ಮೊಲದ ಕೊಂಬಿನ ಜಾತಿಯದಾಗಿರಬೇಕು, ಬಂಜೆಯ ಮಗನ ಜಾತಿಯದಾಗಿರಬಾರದು. ಅದು ಇಲ್ಲದಿರಬಹುದು, ಆದರೆ ಇರಲು ಬಾರದಂತಹುದಾಗಿರಬಾರದು.

ಇದಕ್ಕೆ ಪ್ರಾಯೋಗಿಕ ವಿಮಾನಗಳೇ ಏಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ದಿನನಿತ್ಯ ಜನರನ್ನು ಹೊತ್ತು ಹಾರುವ ವಿಮಾನಗಳು ಒಂದರಂತೆ ಒಂದಿವೆ. ಹತ್ತು ಹಲವು ಅಗತ್ಯಗಳ ನಡುವೆ ರಾಜಿಯಾಗಿ ಹುಟ್ಟಿದ ರೂಪ ಅವುಗಳದು. ಪ್ರಯೋಗದ ವಿಮಾನವಾದರೋ ಒಂದೇ ಒಂದು ಪ್ರಶ್ನೆಯನ್ನು ಗಾಳಿಗೆ ಕೇಳಲೆಂದು ಹುಟ್ಟಿದುದು. 1947ರ ಅಕ್ಟೋಬರ್ 14ರಂದು ಶಬ್ದದ ವೇಗವನ್ನು ಮೀರಿದ ಬೆಲ್ ಎಕ್ಸ್-1ರ ಒಡಲಿಗೆ ಬಂದೂಕದ ಗುಂಡಿನ ಆಕಾರವನ್ನು ಕೊಟ್ಟರು; ಗುಂಡು ಆ ವೇಗದಲ್ಲಿ ಸ್ಥಿರವಾಗಿ ಹೋಗುವುದೆಂದು ತಿಳಿದಿತ್ತು, ಅದಕ್ಕಾಗಿ. ಉಳಿದುದೆಲ್ಲ ಆ ಒಂದು ಪ್ರಶ್ನೆಗೆ ಅಧೀನ. ಆದುದರಿಂದಲೇ ಇಂತಹ ವಿಮಾನಗಳು ನೋಡಲು ವಿಕಾರವಾಗಿ ಕಾಣುತ್ತವೆ. ಆದರೆ ಆ ವಿಕಾರಕ್ಕೆ ಕಾರಣವಿದೆ. ಕಾರಣವುಳ್ಳ ವಿಕಾರವನ್ನು ಪ್ರಾಣಿಯೊಂದಕ್ಕೆ ತೊಡಿಸಬೇಕಾದರೆ ಆ ಕಾರಣವನ್ನೂ ಜೊತೆಗೆ ತೊಡಿಸಬೇಕಾಗುತ್ತದೆ. ಕಷ್ಟವಿರುವುದು ಅಲ್ಲಿ, ರುಚಿಯಿರುವುದೂ ಅಲ್ಲಿಯೇ.

ನಾವು ಮೊದಲು ಕೈಹಾಕಿದ್ದು ನಾಸಾದ ಎ.ಡಿ.-1 ಎಂಬ ಪುಟ್ಟ ವಿಮಾನಕ್ಕೆ. ಅದಕ್ಕೆ ಒಂದೇ ಉದ್ದನೆಯ ರೆಕ್ಕೆ, ಬೆನ್ನ ಮೇಲೆ ನಡುವೆ ಒಂದು ತಿರುಗಣಿ. ನೆಲದಿಂದ ಏಳುವಾಗ ರೆಕ್ಕೆಯು ನೇರವಾಗಿರುತ್ತದೆ. ಮೇಲೇರಿದ ಬಳಿಕ ಬಲಭಾಗ ಮುಂದಕ್ಕೂ ಎಡಭಾಗ ಹಿಂದಕ್ಕೂ ಸರಿದು, 60 ಅಂಶಗಳವರೆಗೆ ಓರೆಯಾಗುತ್ತದೆ. ಹಿಡಿದ ಕತ್ತರಿಯನ್ನು ಅರ್ಧ ತೆರೆದಂತೆ. ರಾಬರ್ಟ್ ಜೋನ್ಸ್ ಎಂಬ ವಿಜ್ಞಾನಿಯ ಕಲ್ಪನೆ ಇದು. ನಿಧಾನವಾಗಿ ಹಾರುವಾಗ ನೇರ ರೆಕ್ಕೆಯ ಲಾಭ, ವೇಗವಾಗಿ ಹಾರುವಾಗ ಓರೆ ರೆಕ್ಕೆಯ ಲಾಭ ಎರಡೂ ಒಂದೇ ಯಂತ್ರಕ್ಕೆ ದಕ್ಕಲಿ ಎಂಬುದು ಉದ್ದೇಶ. 1979ರಿಂದ 1982ರವರೆಗೆ ಅದು 79 ಬಾರಿ ಹಾರಿತು. ಓರೆ ಹೆಚ್ಚಿದಂತೆ ಅದನ್ನು ನಡೆಸುವುದು ಕಠಿಣವಾಗುತ್ತಿತ್ತು ಎಂಬುದನ್ನೂ ಆ ಪ್ರಯೋಗವೇ ತೋರಿಸಿಕೊಟ್ಟಿತು.

ಇದನ್ನು ಹಕ್ಕಿಯಾಗಿ ಮಾಡುವುದೆಂತು? ಎಡಬಲಗಳು ಕನ್ನಡಿಯಲ್ಲಿ ಕಂಡಂತೆ ಸಮವಾಗಿರುವುದು ಹಾರುವ ಪ್ರಾಣಿಗಳ ಸಾಮಾನ್ಯ ಲಕ್ಷಣ. ಆ ಸಮತೆಯನ್ನು ಮುರಿಯಬಹುದೆ? ಹುಡುಗರು ಹುಡುಕಿ ತಂದರು. ಗೂಬೆಗಳಲ್ಲಿ ಕೆಲವಕ್ಕೆ ಎರಡು ಕಿವಿಗಳೂ ಒಂದೇ ಮಟ್ಟದಲ್ಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಕತ್ತಲೆಯಲ್ಲಿ ಇಲಿಯು ಎಲ್ಲಿದೆಯೆಂದು ಕೇಳಿಯೇ ತಿಳಿಯಲು ಅದು ಅನುಕೂಲ. ಕಡಲ ತಳದಲ್ಲಿ ಒಂದು ಮಗ್ಗುಲಾಗಿ ಮಲಗುವ ಚಪ್ಪಟೆ ಮೀನಿಗೆ ಎರಡು ಕಣ್ಣುಗಳೂ ಒಂದೇ ಬದಿಯಲ್ಲಿವೆ. ಹಾಗಾದರೆ ಓರೆ ರೆಕ್ಕೆಯ ಹಕ್ಕಿಯು ಬಂಜೆಯ ಮಗನಲ್ಲ ಎಂದು ನಾವು ಸಮಾಧಾನಗೊಂಡು, ಎಡ ಹೆಗಲನ್ನು ಹಿಂದಕ್ಕೂ ಬಲ ಹೆಗಲನ್ನು ಮುಂದಕ್ಕೂ ಜಾರಿಸಿ, ಅಸ್ಥಿಪಂಜರವನ್ನು ಬರೆಯತೊಡಗಿದೆವು. ಆಗ ಎಂಟನೆಯ ತರಗತಿಯ ಹುಡುಗನೊಬ್ಬನು, ಕುರಿ ಕಾಯುವವರ ಮನೆಯಿಂದ ಬಂದವನು, ಹಿಂದಿನಿಂದ ಕೇಳಿದನು: “ಬುದ್ಧೀ, ಇದು ಮರಿಯಾಗಿದ್ದಾಗ ಹೆಂಗಿರ್ತದೆ? ಹುಟ್ತಾನೇ ಹಿಂಗೆ ಓರೆಯಾಗಿರ್ತದಾ?”

ಎಲ್ಲರೂ ಸುಮ್ಮನಾದರು. ಯಾರೂ ಅದನ್ನು ಯೋಚಿಸಿರಲಿಲ್ಲ. ವಿಮಾನಕ್ಕೆ ಬಾಲ್ಯವಿಲ್ಲ. ಅದು ಕಾರ್ಖಾನೆಯಿಂದ ಹೊರಬರುವಾಗಲೇ ಪ್ರಾಯಕ್ಕೆ ಬಂದಿರುತ್ತದೆ. ಒಂದು ಗಂಟೆ ಹಾರಿ ಇಳಿದರೆ ಅದರ ಜನ್ಮ ಸಾರ್ಥಕ. ಅದು ನಿದ್ರೆ ಮಾಡಬೇಕಾಗಿಲ್ಲ, ಮಳೆಯಲ್ಲಿ ನೆನೆದು ನಡುಗಬೇಕಾಗಿಲ್ಲ, ಗೂಡು ಕಟ್ಟಬೇಕಾಗಿಲ್ಲ, ಮರಿಗೆ ಗುಟುಕು ಕೊಡಬೇಕಾಗಿಲ್ಲ. ಎಂಜಿನಿಯರನು ಹಳೆಯ ನಕ್ಷೆಯನ್ನು ಹರಿದು ಹಾಕಿ ಬಿಳಿಯ ಹಾಳೆಯಿಂದ ಮತ್ತೆ ಆರಂಭಿಸಬಲ್ಲನು. ಪ್ರಾಣಿಗೆ ಬಿಳಿಯ ಹಾಳೆ ಎಂದೂ ದೊರೆಯದು. ಅದರ ಅಜ್ಜ ಮುತ್ತಜ್ಜರೆಲ್ಲರೂ, ಅರ್ಧ ರೆಕ್ಕೆಯಿದ್ದವರೂ, ಕಾಲು ರೆಕ್ಕೆಯಿದ್ದವರೂ, ತಂತಮ್ಮ ಕಾಲದಲ್ಲಿ ಬದುಕಿ ಮರಿ ಮಾಡಿರಲೇಬೇಕು. ಒಂದು ತಲೆಮಾರು ತಪ್ಪಿದರೂ ಕಥೆ ಮುಗಿಯಿತು. ನೂರಾರು ಕುರಿಗಳು ಈಯುವುದನ್ನು ಕಣ್ಣಾರೆ ಕಂಡ ಹುಡುಗನಿಗೆ ಹೊಳೆದದ್ದು, ಪುಸ್ತಕಗಳ ನಡುವೆ ಬೆಳೆದ ನಮಗೆ ಹೊಳೆಯದಿದ್ದುದು ಸಹಜವೇ. ಉತ್ತರವು ಆ ಚಪ್ಪಟೆ ಮೀನಿನಲ್ಲಿಯೇ ಇತ್ತು. ಅದರ ಮರಿಯು ಎಲ್ಲ ಮೀನುಗಳಂತೆ ನೆಟ್ಟಗೆ ಈಜುತ್ತದೆ, ಬೆಳೆಯುತ್ತ ಬಂದಂತೆ ಒಂದು ಕಣ್ಣು ತಲೆಯ ಇನ್ನೊಂದು ಬದಿಗೆ ಸರಿದು ಹೋಗುತ್ತದೆ. ನಮ್ಮ ಹಕ್ಕಿಯ ಮರಿಗೂ ಸಮವಾದ ಹೆಗಲುಗಳನ್ನೇ ಕೊಟ್ಟೆವು. ಗೂಡು ಬಿಟ್ಟ ಮೇಲೆ ಅದು ಓರೆಯಾಗತೊಡಗುತ್ತದೆ. ಅಂದಿನಿಂದ ನಮ್ಮ ಪಡಸಾಲೆಯಲ್ಲಿ ಒಂದು ಕಟ್ಟಳೆ: ಯಾವ ಪ್ರಾಣಿಯ ಚಿತ್ರವಾದರೂ ಸರಿ, ಪಕ್ಕದಲ್ಲಿ ಅದರ ಮರಿಯ ಚಿತ್ರವೂ ಇರಬೇಕು.

ಇಲ್ಲದ ಪ್ರಾಣಿಯನ್ನು ಗಣಿತದಿಂದ ಪರೀಕ್ಷಿಸುವ ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರು ಜೆ.ಬಿ.ಎಸ್. ಹಾಲ್ಡೇನ್. ಇಂಗ್ಲೆಂಡಿನಲ್ಲಿ ಹುಟ್ಟಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದ ಮಹಾವಿಜ್ಞಾನಿ ಅವರು. ಪ್ರಾಣಿಗಳ ಗಾತ್ರದ ಬಗ್ಗೆ 1926ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವರು ರೆಕ್ಕೆಯುಳ್ಳ ದೇವದೂತನನ್ನೇ ಲೆಕ್ಕಕ್ಕೆ ಎಳೆದಿದ್ದಾರೆ. ಹದ್ದಿಗೋ ಪಾರಿವಾಳಕ್ಕೋ ಇರುವಷ್ಟೇ ಬಲದ ಸ್ನಾಯು ಆತನಿಗೂ ಇದೆಯೆಂದರೆ, ರೆಕ್ಕೆ ಬಡಿಯುವ ಆ ಸ್ನಾಯುಗಳಿಗಾಗಿ ಆತನ ಎದೆಯು ಸುಮಾರು ನಾಲ್ಕು ಅಡಿ ಮುಂದಕ್ಕೆ ಚಾಚಿಕೊಂಡಿರಬೇಕು, ತೂಕವನ್ನು ಉಳಿಸಲು ಕಾಲುಗಳು ಕೋಲಿನಂತೆ ಸಣಕಲಾಗಬೇಕು! ನಮ್ಮ ದೇವಾಲಯಗಳ ಗೋಡೆಗಳ ಮೇಲೆ ಹಾರುತ್ತಿರುವ ಗಂಧರ್ವರಿಗೂ ಈ ಲೆಕ್ಕ ತಪ್ಪದು. ಆದರೆ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿನ ಗಂಡಭೇರುಂಡವನ್ನು ಕೆತ್ತಿದ ಶಿಲ್ಪಿಯನ್ನು ಈ ಪ್ರಶ್ನೆಯಿಂದ ಪೀಡಿಸುವುದು ಸಲ್ಲದು. ಆತನು ಅದನ್ನು ನಿಲ್ಲಲೆಂದು ಕೆತ್ತಿದನು, ಹಾರಲೆಂದಲ್ಲ.

ಹಾಲ್ಡೇನರ ಶಿಷ್ಯರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಎಂಬವರಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಿಮಾನಗಳ ವಿನ್ಯಾಸದಲ್ಲಿ ಎಂಜಿನಿಯರಾಗಿ ದುಡಿದು, ಆ ಬಳಿಕ ಜೀವಶಾಸ್ತ್ರಕ್ಕೆ ಬಂದವರು. 1952ರಲ್ಲಿ ಅವರು ಬರೆದ ಒಂದು ಸಣ್ಣ ಲೇಖನವು ನಮ್ಮ ಈ ವಿನೋದಕ್ಕೆ ತಳಹದಿಯಂತಿದೆ. ಮೊದಮೊದಲು ಹಾರಿದ ಹಕ್ಕಿಗೂ, ಮೊದಲ ಕಾಲದ ಹಾರುವ ಉರಗಗಳಿಗೂ ಉದ್ದನೆಯ ಬಾಲವಿತ್ತು. ಬಾಣದ ಹಿಂದಿನ ಗರಿಯಂತೆ ಅದು ಪ್ರಾಣಿಯನ್ನು ತಾನಾಗಿಯೇ ನೆಟ್ಟಗೆ ಇಡುತ್ತಿತ್ತು. ಮುಂದಿನ ಕಾಲದವುಗಳಿಗೆ ಬಾಲ ಕುಗ್ಗಿತು. ಅಂದರೆ ಅವು ತಾವಾಗಿ ನೆಟ್ಟಗೆ ನಿಲ್ಲಲಾರವು, ಕ್ಷಣಕ್ಷಣವೂ ಸರಿಪಡಿಸಿಕೊಳ್ಳುತ್ತಿರಬೇಕು. ಅಷ್ಟು ಚುರುಕಾದ ನರಮಂಡಲವು ಬೆಳೆದ ಮೇಲೆಯೇ ಸ್ಥಿರತೆಯನ್ನು ಬಿಟ್ಟುಕೊಡುವುದು ಸಾಧ್ಯವಾಯಿತು. ಬಿಟ್ಟುಕೊಟ್ಟುದರಿಂದ ಥಟ್ಟನೆ ತಿರುಗುವ ಚಾತುರ್ಯ ದೊರೆಯಿತು ಎಂಬುದು ಅವರ ವಾದ. ವಿಮಾನದ ಎಂಜಿನಿಯರಾಗಿದ್ದವನಿಗಲ್ಲದೆ ಬೇರೆಯವರಿಗೆ ಇದು ಹೊಳೆಯುವುದು ಕಷ್ಟವಿತ್ತು.

ಈ ಮಾತನ್ನು ಯಂತ್ರದಲ್ಲಿ ಕಾಣಬೇಕಾದರೆ ಎಕ್ಸ್-29ನ್ನು ನೋಡಬೇಕು. 1984ರ ಡಿಸೆಂಬರ್ 14ರಂದು ಮೊದಲು ಹಾರಿದ ಈ ವಿಮಾನದ ರೆಕ್ಕೆಗಳು ಮುಂದಕ್ಕೆ ಚಾಚಿಕೊಂಡಿದ್ದವು. ಹಿಂದುಮುಂದಾಗಿ ಜೋಡಿಸಿದರೇನೋ ಎಂದು ನೋಡಿದವರು ಭಾವಿಸಬೇಕು. ಅದರಿಂದ ಲಾಭವೂ ಇತ್ತು, ಮೂಗನ್ನು ಬಹಳ ಎತ್ತಿದರೂ ರೆಕ್ಕೆಯ ತುದಿಗಳು ಹಿಡಿತವನ್ನು ಬಿಡುತ್ತಿರಲಿಲ್ಲ. ಅಪಾಯಗಳು ಎರಡು. ಮುಂದಕ್ಕೆ ಚಾಚಿದ ರೆಕ್ಕೆಯ ತುದಿಯು ಗಾಳಿಯ ಒತ್ತಡಕ್ಕೆ ಮೇಲಕ್ಕೆ ತಿರುಚಿಕೊಳ್ಳುತ್ತದೆ, ತಿರುಚಿದಷ್ಟೂ ಒತ್ತಡ ಹೆಚ್ಚುತ್ತದೆ, ಕಡೆಗೆ ಮುರಿಯುತ್ತದೆ. ಇಂಗಾಲದ ಎಳೆಗಳನ್ನು ಪದರಪದರವಾಗಿ ಬೇಕಾದ ದಿಕ್ಕಿಗೆ ಹಾಸಿ ಆ ತಿರುಚನ್ನು ತಡೆದರು. ಎರಡನೆಯದಾಗಿ, ಆ ವಿಮಾನವು ಸ್ವಭಾವತಃ ಅಸ್ಥಿರವಾಗಿತ್ತು. ಗಣಕಯಂತ್ರಗಳು ಸೆಕೆಂಡಿಗೆ 40 ಬಾರಿ ಅದನ್ನು ತಿದ್ದುತ್ತಿದ್ದವು. ಮನುಷ್ಯನ ಕೈಯಿಂದ ಆಗುವ ಕೆಲಸವಲ್ಲ ಅದು.

ಇದರಿಂದ ಹುಟ್ಟಿದ ಪ್ರಾಣಿಯ ಮೇಲೆ ನಾವು ಒಂದು ಮಳೆಗಾಲವನ್ನೇ ಕಳೆದೆವು. ಮೂಳೆಯ ಸಮಸ್ಯೆ ಬೇಗ ಬಗೆಹರಿಯಿತು. ಎಳೆ ಮತ್ತು ಖನಿಜಗಳನ್ನು ಬೆಸೆದು ಮಾಡಿದ ವಸ್ತುವೇ ಮೂಳೆ, ಜೀವವು ಎಂಜಿನಿಯರರಿಗಿಂತ ಎಷ್ಟೋ ಕೋಟಿ ವರ್ಷ ಮೊದಲೇ ಅದನ್ನು ಕಂಡುಕೊಂಡಿದೆ. ತಿರುಚನ್ನು ತಡೆಯಲು ಟೊಳ್ಳಾದ ದುಂಡು ಕೊಳವೆ ಲೇಸು, ಹಕ್ಕಿಯ ರೆಕ್ಕೆಯ ಮೂಳೆಯೂ ಅಂತಹುದೇ. ಕಷ್ಟವಾದದ್ದು ನರದ ಲೆಕ್ಕ. ಸೆಕೆಂಡಿಗೆ 40 ಬಾರಿ ಎಂದರೆ ಒಂದು ತಿದ್ದುಪಡಿಗೆ ಸೆಕೆಂಡಿನ ಸಾವಿರದ 25 ಭಾಗಗಳು ಮಾತ್ರ. ಪ್ರಾಣಿಗಳ ದೇಹದಲ್ಲಿ ವೇಗದ ನರವು ಸುದ್ದಿಯನ್ನು ಸೆಕೆಂಡಿಗೆ ಸುಮಾರು 100 ಮೀಟರಿನಂತೆ ಒಯ್ಯುತ್ತದೆ. ಒಂದು ಮೀಟರ್ ಉದ್ದದ ರೆಕ್ಕೆಯ ತುದಿಯಿಂದ ಮಿದುಳಿಗೆ ಹೋಗಿ ಬರಲು 2 ಮೀಟರ್, ಅದಕ್ಕೆ 20 ಭಾಗಗಳು ಖರ್ಚು. ಯೋಚಿಸುವುದಕ್ಕೂ ಸ್ನಾಯುವು ಎಳೆಯುವುದಕ್ಕೂ ಸೇರಿ ಉಳಿದದ್ದು 5. ಸಾಲದು! ಹುಡುಗರು ಪ್ರಾಣಿಯನ್ನು ಚಿಕ್ಕದು ಮಾಡುತ್ತ ಬಂದರು. ಕಾಗೆಯ ಗಾತ್ರಕ್ಕೆ ಇಳಿಸಿ, ರೆಕ್ಕೆಯನ್ನು 40 ಸೆಂಟಿಮೀಟರ್ ಮಾಡಿದಾಗ ಓಡಾಟಕ್ಕೆ 8 ಭಾಗಗಳು ಸಾಕಾದವು. ಆದುದರಿಂದ ನಮ್ಮ ಮುಂಚಾಚು ರೆಕ್ಕೆಯ ಹಕ್ಕಿಯು ಕಾಗೆಗಿಂತ ದೊಡ್ಡದಾಗಿ ಬೆಳೆಯಲಾರದು. ಇದನ್ನು ನಮಗೆ ಹೇಳಿದ್ದು ಕಲ್ಪನೆಯಲ್ಲ, ಭಾಗಾಕಾರ.

ಎಲ್ಲ ವಿಮಾನಗಳೂ ಹೀಗೆ ಒಲಿಯುವುದಿಲ್ಲ. 1942ರಲ್ಲಿ ಹಾರಿದ ವಾಟ್ ವಿ-173 ಎಂಬುದು ತಟ್ಟೆಯಂತೆ ದುಂಡಗಿತ್ತು. ಅಮೆರಿಕನ್ನರು ಅದನ್ನು ‘ಹಾರುವ ಪ್ಯಾನ್‌ಕೇಕ್’ ಎಂದರು, ನಮ್ಮ ಹುಡುಗರು ‘ಹಾರುವ ದೋಸೆ’ ಎಂದರು. ಅದರ ಒಡಲನ್ನು ಕಡಲಿನ ತೊರಕೆ ಮೀನಿನಂತೆ ಸುಲಭವಾಗಿ ಬರೆಯಬಹುದು. ಆದರೆ ಆ ವಿಮಾನದ ಗುಟ್ಟಿರುವುದು ಎರಡು ತುದಿಗಳಲ್ಲಿ ತಿರುಗುವ ಪಂಖಗಳಲ್ಲಿ. ರಕ್ತನಾಳವೂ ನರವೂ ಹೊಕ್ಕ ಅಂಗವು ಗಿರಗಿರನೆ ಸುತ್ತಲಾರದು, ಸುತ್ತಿದರೆ ಹಗ್ಗದಂತೆ ಹೊಸೆದುಹೋಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಸುತ್ತುವ ಬಾಲವುಂಟು, ಆದರೆ ಅಷ್ಟು ಸಣ್ಣ ಪ್ರಮಾಣದಲ್ಲಿ ಮಾತ್ರ. ದೋಸೆಯನ್ನು ಕೈಬಿಟ್ಟೆವು.

ಕೆಲವೊಮ್ಮೆ ನಾವು ಕಷ್ಟಪಟ್ಟು ಕಲ್ಪಿಸಿದ್ದನ್ನು ಪ್ರಕೃತಿಯು ಮೊದಲೇ ಮಾಡಿ ಮುಗಿಸಿರುವುದು ತಿಳಿದು ನಾಚಿಕೆಯೂ ಸಂತೋಷವೂ ಆಗುತ್ತದೆ. ಕಾನ್ಕಾರ್ಡ್ ವಿಮಾನದಂತೆ ಹಿಂದಕ್ಕೆ ಅಗಲವಾಗುವ ತ್ರಿಕೋನದ ರೆಕ್ಕೆಯನ್ನು ಹಿಂಗಾಲುಗಳಿಗೆ ಕಟ್ಟಿದ ಹಲ್ಲಿಯನ್ನು ಹುಡುಗನೊಬ್ಬನು ಬರೆದನು. ಕಿರ್ಗಿಸ್ತಾನದಲ್ಲಿ ದೊರೆತು 1971ರಲ್ಲಿ ವರ್ಣಿತವಾದ ಶರೋವಿಪ್ಟೆರಿಕ್ಸ್ ಎಂಬ ಪಳೆಯುಳಿಕೆಯು ಬಹುಮಟ್ಟಿಗೆ ಅದೇ! ಚೀನಾದಲ್ಲಿ ಸಿಕ್ಕಿದ ಮೈಕ್ರೋರ್ಯಾಪ್ಟರ್ ಎಂಬ ಪುಟ್ಟ ಡೈನೋಸಾರಿಗೆ ಕೈಗಳಲ್ಲಿಯೂ ಕಾಲುಗಳಲ್ಲಿಯೂ ಗರಿಗಳಿದ್ದವು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಶಂಕರ ಚಟರ್ಜಿಯವರು ತಮ್ಮ ಸಹೋದ್ಯೋಗಿಯೊಡನೆ 2007ರಲ್ಲಿ, ಅದು ಹಳೆಯ ಕಾಲದ ಎರಡು ಅಟ್ಟದ ರೆಕ್ಕೆಯ ವಿಮಾನದಂತೆ ಹಾರಿರಬೇಕೆಂದು ವಾದಿಸಿದರು. ಇನ್ನು ನಮ್ಮ ಪಶ್ಚಿಮ ಘಟ್ಟದ ಹಾರುವ ಓತಿಯು, ಪಕ್ಕೆಲುಬುಗಳನ್ನೇ ಹೊರಕ್ಕೆ ಚಾಚಿ ಕೊಡೆಯಂತೆ ಬಿಚ್ಚಿ ತೇಲುವುದನ್ನು ತೇಜಸ್ವಿಯವರ ‘ಕರ್ವಾಲೊ’ ಓದಿದವರು ಬಲ್ಲರು. ಪಕ್ಕೆಲುಬಿನಿಂದ ರೆಕ್ಕೆ ಮಾಡೆಂದು ನಾವು ಹೇಳಿದ್ದರೆ ಹುಡುಗರು ನಂಬುತ್ತಿರಲಿಲ್ಲ.

ಎಲ್ಲಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಬಾಲವೇ ಇಲ್ಲದ, ರೆಕ್ಕೆಯೇ ಒಡಲಾದ ವಿಮಾನವನ್ನು ಮಾಡಬೇಕೆಂದು ಜೀವಮಾನವೆಲ್ಲ ಹಂಬಲಿಸಿದವರು ಅಮೆರಿಕದ ಜಾನ್ ನಾರ್ತ್ರಪ್. 1948ರ ಜೂನ್ 5ರಂದು ಅವರ ವೈ.ಬಿ.-49 ಎಂಬ ಅಂತಹ ವಿಮಾನವು ಪರೀಕ್ಷೆಯಲ್ಲಿ ಮುರಿದು ಬಿದ್ದು, ಒಳಗಿದ್ದ ಐವರೂ ಮಡಿದರು. ಅವರಲ್ಲಿ ಒಬ್ಬರಾದ ಗ್ಲೆನ್ ಎಡ್ವರ್ಡ್ಸ್ ಅವರ ಹೆಸರನ್ನೇ ಇಂದಿಗೂ ಆ ವಾಯುನೆಲೆ ಹೊತ್ತಿದೆ. ಪ್ರಯೋಗದ ವಿಮಾನಗಳ ವಿಚಿತ್ರ ರೂಪಕ್ಕೆ ನಗುವ ಹುಡುಗರಿಗೆ ನಾವು ಇದನ್ನೂ ಹೇಳುತ್ತೇವೆ. 1971ರಲ್ಲಿ ಟೆಕ್ಸಾಸಿನಲ್ಲಿ ಡಗ್ಲಾಸ್ ಲಾಸನ್ ಎಂಬ ವಿದ್ಯಾರ್ಥಿಗೆ ಹಾರುವ ಉರಗವೊಂದರ ಬೃಹತ್ ಮೂಳೆಗಳು ದೊರೆತವು. ರೆಕ್ಕೆಗಳನ್ನು ಚಾಚಿದರೆ ಸುಮಾರು 10 ಮೀಟರ್. ಬಾಲವಿಲ್ಲದಂತಹುದು. 1975ರಲ್ಲಿ ಅವರು ಅದಕ್ಕೆ ಇಟ್ಟ ಹೆಸರು ಕ್ವೆಟ್ಜಾಲ್‌ಕೋಟ್ಲಸ್ ನಾರ್ತ್ರೋಪಿ. ಮೊದಲ ಪದವು ಮೆಕ್ಸಿಕೊದ ಪ್ರಾಚೀನರು ಪೂಜಿಸಿದ ಗರಿಗಳುಳ್ಳ ಸರ್ಪದೇವತೆಯದು, ಎರಡನೆಯದು ಆ ವಿಮಾನಶಿಲ್ಪಿಯದು. ದೇವತೆ, ಯಂತ್ರ, ಪ್ರಾಣಿ ಮೂರೂ ಒಂದೇ ಹೆಸರಿನಲ್ಲಿ ಕೂಡಿಕೊಂಡವು. ಕಥೆ ಅಲ್ಲಿಗೂ ನಿಲ್ಲಲಿಲ್ಲ. ಪಾಲ್ ಮೆಕ್‌ಕ್ರೆಡಿ ಎಂಬ ಎಂಜಿನಿಯರು ಆ ಪ್ರಾಣಿಯ ಅರ್ಧ ಗಾತ್ರದ, ರೆಕ್ಕೆ ಬಡಿದು ಹಾರುವ ಯಂತ್ರವನ್ನು ಕಟ್ಟಿದರು. ಕೆಲವು ಬಾರಿ ಅದು ಹಾರಿತು. 1986ರ ಮೇ ತಿಂಗಳಲ್ಲಿ ಸಾರ್ವಜನಿಕರ ಕಣ್ಣೆದುರಿಗೆ ನೆಲಕ್ಕೆ ಬಿತ್ತು.

ಈಗ ಆ ಇನ್ನೊಂದು ಉದ್ದೇಶಕ್ಕೆ ಬರುತ್ತೇವೆ. ಕಳೆದ ವರ್ಷ ಹುಡುಗನೊಬ್ಬನು ಹೊಸ ಅಚ್ಚನ್ನು ಹುಡುಕಿ ತಂದನು. ಅದು ಅಮೆರಿಕದ್ದಲ್ಲ, ‘ವೈಮಾನಿಕ ಶಾಸ್ತ್ರ’ದಲ್ಲಿರುವ ಶಕುನ ವಿಮಾನದ ಚಿತ್ರ. ಆ ಗ್ರಂಥವು ಭರದ್ವಾಜ ಮಹರ್ಷಿಯದೆಂದು ಪ್ರಚಾರವಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಅದನ್ನು ಹೇಳಿ ಬರೆಯಿಸಿದರು. ಚಿತ್ರಗಳನ್ನು ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ನಕ್ಷೆಗಾರರೊಬ್ಬರು ಬರೆದರು. ಜಿ.ಆರ್. ಜೋಸ್ಯರ್ ಅವರ ಇಂಗ್ಲಿಷ್ ಆವೃತ್ತಿಯು 1973ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಹುಡುಗನು ಎಲ್ಲ ಪ್ರಾಣಿಗಳಿಗೂ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಿದನು. ರೆಕ್ಕೆಯನ್ನು ಬಡಿಯುವ ಸ್ನಾಯುವಿಗೆ ಅವನಿಗೆ ಆ ಒಡಲಿನಲ್ಲಿ ಜಾಗವೇ ಸಿಗಲಿಲ್ಲ. ಹಾಳೆಯ ಅಡಿಯಲ್ಲಿ, “ಇದು ಹಾರಲಾರದು” ಎಂದು ಬರೆದು ಗೋಡೆಗೆ ತೂಗುಹಾಕಿದನು.

ಮಠದ ಹಿರಿಯ ಭಕ್ತರೊಬ್ಬರು, ನಿವೃತ್ತ ಉಪಾಧ್ಯಾಯರು, ವಿದ್ಯಾರ್ಥಿನಿಲಯಕ್ಕೆ ಪ್ರತಿ ವರ್ಷವೂ ರಾಗಿ ಬೇಳೆಗಳನ್ನು ತಪ್ಪದೆ ಕಳುಹಿಸುವವರು, ಅದನ್ನು ಕಂಡು ಬಹಳ ನೊಂದರು. “ಬುದ್ಧಿಯವರ ಮಠದಲ್ಲಿಯೇ ಋಷಿಗಳಿಗೆ ಹೀಗಾದರೆ ಹೊರಗಿನವರು ಏನೆಂದಾರು? ಆ ಹಾಳೆಯನ್ನು ತೆಗೆಸಬೇಕು” ಎಂದು ಕೈಮುಗಿದರು. ಅವರ ದುಃಖವು ನಟನೆಯಲ್ಲ. ಪೂರ್ವಿಕರ ಮೇಲಿನ ಪ್ರೀತಿಯಿಂದ ಹುಟ್ಟಿದುದು. ಆದರೂ ನಾವು ಹಾಳೆಯನ್ನು ತೆಗೆಸಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇವೆ, ಹಲವರಿಗೆ ಈ ಸಂಶಯವಿರಬಹುದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಆ ಗ್ರಂಥವನ್ನು ಭಾಷೆಯಿಂದಲೂ ವಿಮಾನವಿದ್ಯೆಯಿಂದಲೂ ಪರೀಕ್ಷಿಸಿದರು. ಅದರ ರಚನೆಯು 1904ಕ್ಕಿಂತ ಹಿಂದಿನದಾಗಿರಲಾರದೆಂದೂ, ಅಲ್ಲಿ ವರ್ಣಿತವಾದ ಯಾವ ವಿಮಾನವೂ ಹಾರುವ ಲಕ್ಷಣವುಳ್ಳದ್ದಲ್ಲವೆಂದೂ, ಅದರ ಚಾಲನೆಯ ಏರ್ಪಾಡು ಹಾರಾಟಕ್ಕೆ ನೆರವಾಗುವ ಬದಲು ತಡೆಯಾಗುತ್ತದೆಂದೂ ತೀರ್ಮಾನಿಸಿದರು. ಪ್ರಮಾಣವೆಂದರೇನು, ಪ್ರಮಾಣಾಭಾಸವೆಂದರೇನು ಎಂಬುದನ್ನು ಲೋಕಕ್ಕೆ ಕಲಿಸಿದವರು ನಮ್ಮ ಪೂರ್ವಿಕರು. ಅವರ ಹೆಸರಿನಲ್ಲಿ ಪ್ರಮಾಣವಿಲ್ಲದ್ದನ್ನು ಮಕ್ಕಳಿಗೆ ಕಲಿಸಿದರೆ ಅವರಿಗೆ ಗೌರವವೆಲ್ಲಿ ಉಳಿಯಿತು? ಸುಬ್ಬರಾಯ ಶಾಸ್ತ್ರಿಗಳು ವಂಚಿಸಿದರೆಂದು ನಾವು ಹೇಳುವುದಿಲ್ಲ. ತಾವು ಹೇಳಿದ್ದನ್ನು ಅವರು ನಂಬಿಯೇ ಇದ್ದಿರಬಹುದು. ಆ ಚಿತ್ರಗಳನ್ನು ಇಪ್ಪತ್ತನೆಯ ಶತಮಾನದ ಕನ್ನಡನಾಡಿನ ಕಲ್ಪನೆ ಎಂದು ಕರೆದರೆ ಅವು ಗೋಡೆಯ ಮೇಲೆ ಸುಖವಾಗಿ ಇರುತ್ತವೆ, ನಮ್ಮ ಓರೆ ಹಕ್ಕಿಯ ಪಕ್ಕದಲ್ಲಿಯೇ. ಹುಡುಗನಿಗೆ ನಾವು ಮಾಡಿಸಿದ ತಿದ್ದುಪಡಿ ಒಂದೇ, “ಹಾರಲಾರದು” ಎಂಬುದರ ಕೆಳಗೆ ಕಾರಣವನ್ನೂ ಲೆಕ್ಕವನ್ನೂ ಬರೆ ಎಂದೆವು. ಬರೆದನು. ಹಿರಿಯರು ಈಗಲೂ ಸೋಮವಾರಗಳಂದು ಮಠಕ್ಕೆ ಬರುತ್ತಾರೆ, ರಾಗಿಯೂ ಬಂದಿದೆ. ಆ ಪಡಸಾಲೆಯ ಕಡೆಗೆ ಮಾತ್ರ ಹೋಗುವುದಿಲ್ಲ.

“ಬಿದ್ದುಹೋದ ವಿದೇಶಿ ವಿಮಾನಗಳಿಂದ ಪ್ರಾಣಿ ಮಾಡುತ್ತೀರಿ, ನಮ್ಮದು ಮಾತ್ರ ಬೇಡವೇ?” ಎಂದೂ ಅವರು ಕೇಳಿದ್ದರು. ಪ್ರಶ್ನೆಯಲ್ಲಿ ಹುರುಳಿದೆ. ಫ್ರಾನ್ಸಿನಲ್ಲಿ 1959ರಲ್ಲಿ ಕೋಲಿಯೋಪ್ಟೇರ್ ಎಂಬ ವಿಮಾನವನ್ನು ಹಾರಿಸಿದರು. ಆ ಹೆಸರಿಗೆ ದುಂಬಿಯೆಂದೇ ಅರ್ಥ. ಬಾಲದ ಮೇಲೆ ನೆಟ್ಟಗೆ ನಿಂತು, ಹಾಗೆಯೇ ಮೇಲಕ್ಕೆದ್ದು, ಹಾಗೆಯೇ ಹಿಂದಕ್ಕೆ ಇಳಿಯಬೇಕಾದ ಯಂತ್ರ. ರೆಕ್ಕೆಯು ಒಡಲಿನ ಸುತ್ತ ಬಳೆಯಂತೆ. ಮೇ 6ರಂದು ಮೊದಲ ಸ್ವತಂತ್ರ ಹಾರಾಟ, ಜುಲೈ 25ರಂದು ಅದು ನಿಯಂತ್ರಣ ತಪ್ಪಿ ಬಿದ್ದು ನಾಶವಾಯಿತು. ಚಾಲಕನು ಹೊರಕ್ಕೆ ಚಿಮ್ಮಿ ಗಾಯಗೊಂಡು ಉಳಿದುಕೊಂಡನು. ಹೌದು, ಇದೂ ಬಿದ್ದ ವಿಮಾನವೇ. ಆದರೆ ಎಂದು ಎದ್ದಿತು, ಎಂದು ಬಿದ್ದಿತು ಎಂಬುದು ದಿನಾಂಕಸಹಿತ ಗೊತ್ತಿದೆ. ಗಾಳಿಯು ಅದರೊಡನೆ ಮಾತನಾಡಿದೆ. ಹಾಗೆ ಗಾಳಿಯ ಮುಂದೆ ನಿಂತು ಉತ್ತರ ಪಡೆದ ವಸ್ತುವಿನಿಂದ ಪ್ರಾಣಿಯನ್ನು ಮಾಡುವುದರಲ್ಲಿ ಒಂದು ಅರ್ಥವಿದೆ.

ಈಗ ಭಾನುವಾರಗಳಂದು ನಡೆಯುತ್ತಿರುವುದು ಆ ಬಳೆರೆಕ್ಕೆಯ ಪ್ರಾಣಿಯ ಕೆಲಸವೇ. ಹಿಂದಕ್ಕೆ ಇಳಿಯುವಾಗ ನೆಲ ಕಾಣದೆಂಬುದು ಮೊದಲ ತೊಡಕು. ಅದಕ್ಕೆ ಹುಡುಗರು ಗೋಸುಂಬೆಯ ಕಣ್ಣನ್ನು ಕೊಟ್ಟರು, ಅದು ಬೇಕಾದತ್ತ ಹೊರಳುತ್ತದೆ. ಎರಡನೆಯ ತೊಡಕನ್ನು ತೆಗೆದವನು ಮತ್ತೆ ಆ ಕುರಿ ಕಾಯುವವರ ಹುಡುಗನೇ, ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಮೈಸುತ್ತ ಬಳೆಯಿದ್ದರೆ ಅದು ಮೊಟ್ಟೆಯ ಮೇಲೆ ಕಾವಿಗೆ ಕುಳಿತುಕೊಳ್ಳುವುದು ಹೇಗೆ, ಮರಿಯು ಮೊಟ್ಟೆಯೊಳಗೆ ಬಳೆಯನ್ನು ಮಡಿಸಿಕೊಳ್ಳುವುದು ಹೇಗೆ? ಎರಡು ವಾರ ಯಾರಿಗೂ ತೋಚಲಿಲ್ಲ. ಕಡೆಗೆ ಜೇನುನೊಣದಿಂದ ದಾರಿ ಸಿಕ್ಕಿತು. ಜೇನಿನ ಮುಂದಿನ ರೆಕ್ಕೆಯನ್ನೂ ಹಿಂದಿನ ರೆಕ್ಕೆಯನ್ನೂ ಸಣ್ಣ ಕೊಕ್ಕೆಗಳ ಸಾಲೊಂದು ಜೋಡಿಸುತ್ತದೆ. ಹಾರುವಾಗ ಎರಡೂ ಒಂದಾಗುತ್ತವೆ, ಕುಳಿತಾಗ ಬಿಚ್ಚಿಕೊಳ್ಳುತ್ತವೆ. ನಮ್ಮ ಪ್ರಾಣಿಗೂ ಎರಡು ಬಿಡಿ ರೆಕ್ಕೆಗಳು. ತುದಿಗಳು ಹೊಟ್ಟೆಯ ಕೆಳಗೆ ಬಾಗಿ ಬಂದು ಕೊಕ್ಕೆ ಹಾಕಿಕೊಂಡಾಗ ಮಾತ್ರ ಬಳೆ. ಮರಿಗೆ ಕೊಕ್ಕೆಗಳು ಇನ್ನೂ ಮೂಡಿರುವುದಿಲ್ಲ, ಅದು ಸಾಮಾನ್ಯ ಹಕ್ಕಿಯ ಮರಿಯಂತೆಯೇ ಇರುತ್ತದೆ. ಗಾಳಿಯ ಎಳೆತಕ್ಕೆ ಬಿಚ್ಚಿಕೊಳ್ಳದಿರಲು ಎಷ್ಟು ಕೊಕ್ಕೆಗಳು ಬೇಕೆಂಬ ಲೆಕ್ಕವನ್ನು ಆ ಹುಡುಗನು ಮಾಡುತ್ತಿದ್ದಾನೆ. ಈ ತಿಂಗಳು ಪರೀಕ್ಷೆಗಳಿರುವುದರಿಂದ ಅದು ಅರ್ಧಕ್ಕೆ ನಿಂತಿದೆ.